ಹಕ್ಕಿಗಳ ಆಪ್ತಬಂಧು ಡಾ. ಸಲೀಂ ಅಲಿ

ನವೆಂಬರ್ ಎಂದರೆ ಕನ್ನಡಿಗರಿಗೆ ರಾಜ್ಯೋತ್ಸವದ ತಿಂಗಳು. 1896ರ ಇದೇ ತಿಂಗಳ 12ರಂದು, ನಮಗೆ ಅನ್ನವಿತ್ತ ಈ ಮುಂಬಯಿಯಲ್ಲಿ ಒಬ್ಬ ಮಹನೀಯರು ಜನಿಸಿದರು. ಕನ್ನಡ ಅವರ ಮನೆಮಾತಲ್ಲ. ಆದರೂ ಕನ್ನಡನಾಡು ಅವರಿಗೆ ಋಣಿಯಾಗಿದೆ. ಅವರೇ ಪಕ್ಷಿಶಾಸ್ತ್ರಜ್ಞ ಡಾ. ಸಲೀಂ ಅಲಿ.

ಹತ್ತು ಮಕ್ಕಳಲ್ಲಿ ಅವರೇ ಕೊನೆಯವರು. ಮೂರು ವರ್ಷ ತುಂಬುವಷ್ಟರಲ್ಲಿ ತಂದೆ ತಾಯಿ ಇಬ್ಬರೂ ತೀರಿಕೊಂಡರು. ಸೋದರಮಾವ ಅಮಿರುದ್ದೀನ್ ತ್ಯಾಬ್ಜಿಯವರು ಖೇತವಾಡಿಯ ತಮ್ಮ ಮನೆಯಲ್ಲಿ ಮಕ್ಕಳನ್ನು ಸಾಕಿದರು. ಒಂದು ದಿನ ಬಾಲಕ ಸಲೀಂ ತನ್ನ ಏರ್‌ಗನ್ನಿನಿಂದ ಒಂದು ಗುಬ್ಬಚ್ಚಿಯನ್ನು ಹೊಡೆದ. ಅದರ ಕೊರಳಲ್ಲಿ ಹಳದಿ ಮಚ್ಚೆಯಿತ್ತು. ಇದೆಂಥ ಗುಬ್ಬಿ ಎಂಬ ಪ್ರಶ್ನೆಗೆ ಮನೆಯಲ್ಲಿ ಯಾರಲ್ಲೂ ಉತ್ತರವಿರಲಿಲ್ಲ. ಮಾವ ಅವನನ್ನು ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿಗೆ ಕಳುಹಿಸಿದರು. 1883ರಲ್ಲಿ ಹುಟ್ಟಿದ ಆ ಸಂಸ್ಥೆಯ ಕಾರ್ಯದರ್ಶಿ ಮಿಲರ್ಡ್ ಸಾಹೇಬರು ಹುಡುಗನನ್ನು ಕರೆದು ಕೂರಿಸಿ, ಹಕ್ಕಿಯ ಹೆಸರು ಹೇಳಿ, ಹುಲ್ಲು ಹತ್ತಿ ತುಂಬಿಟ್ಟ ನೂರಾರು ಪಕ್ಷಿಗಳನ್ನು ತೋರಿಸಿದರು. ಬದುಕಿನ ದಾರಿ ಅಂದೇ ನಿಶ್ಚಯವಾಯಿತು.

ಆ ದಾರಿ ಸುಗಮವಾಗಿರಲಿಲ್ಲ. ವಿಶ್ವವಿದ್ಯಾಲಯದ ಪದವಿಯಿಲ್ಲದವರಿಗೆ ಸರಕಾರದ ಹುದ್ದೆ ಎಲ್ಲಿಯದು? ಬರ್ಮಾದಲ್ಲಿ ಮನೆತನದ ವ್ಯಾಪಾರ ನೋಡಿದರು, ಅದು ಕೈಹತ್ತಲಿಲ್ಲ. 1926ರಲ್ಲಿ ಮುಂಬಯಿಯ ವಸ್ತುಸಂಗ್ರಹಾಲಯದಲ್ಲಿ ಕೆಲಸ ದೊರೆಯಿತು. 1928ರಲ್ಲಿ ರಜೆ ಪಡೆದು ಬರ್ಲಿನ್ನಿಗೆ ಹೋಗಿ, ಸ್ಟ್ರೆಸೆಮನ್ ಎಂಬ ಘನ ವಿದ್ವಾಂಸರ ಬಳಿ ಶಾಸ್ತ್ರಾಭ್ಯಾಸ ಮಾಡಿದರು. 1930ರಲ್ಲಿ ಮರಳಿದಾಗ, ಹಣವಿಲ್ಲವೆಂದು ಆ ಹುದ್ದೆಯನ್ನೇ ತೆಗೆದುಹಾಕಲಾಗಿತ್ತು.

ಬೇರೆಯವರಾಗಿದ್ದರೆ ಎದೆಗುಂದುತ್ತಿದ್ದರು. ಸಲೀಂ ಅಲಿಯವರು ಪತ್ನಿ ತೆಹಮೀನಾರೊಡನೆ ಅಲಿಬಾಗಿನ ಬಳಿಯ ಕಿಹೀಮಿಗೆ ಹೋಗಿ ನೆಲೆಸಿದರು. ಅಲ್ಲಿ ಗೀಜಗನ ಗೂಡುಗಳನ್ನು ದಿನವೂ ಕುಳಿತು ನೋಡಿದರು. ಗಂಡು ಗೂಡನ್ನು ಅರ್ಧ ಕಟ್ಟುತ್ತದೆ. ಹೆಣ್ಣು ಬಂದು ಪರೀಕ್ಷಿಸಿ ಒಪ್ಪಿದ ಮೇಲೆ ಪೂರ್ತಿ ಮಾಡುತ್ತದೆ. ಬಳಿಕ ಇನ್ನೊಂದು ಗೂಡಿಗೆ ಕೈಹಾಕಿ ಇನ್ನೊಂದು ಹೆಣ್ಣನ್ನು ಕರೆಯುತ್ತದೆ. ಈ ಸಂಗತಿಯನ್ನು ವಿವರವಾಗಿ ಬರೆದು ಪ್ರಕಟಿಸಿದಾಗ ವಿದ್ವಾಂಸರು ಅವರತ್ತ ತಿರುಗಿ ನೋಡಿದರು.

ಬಳಿಕ ಅವರು ಸಂಬಳವಿಲ್ಲದ ಕೆಲಸವೊಂದನ್ನು ತಾವೇ ಕೇಳಿ ಪಡೆದರು. ಪ್ರಯಾಣ ಮತ್ತು ಬಿಡಾರದ ಖರ್ಚು ಕೊಟ್ಟರೆ ಸಾಕು, ದೇಶೀ ಸಂಸ್ಥಾನಗಳ ಪಕ್ಷಿಗಳ ಗಣತಿ ಮಾಡಿಕೊಡುವೆನೆಂದರು. ಹೈದರಾಬಾದ್, ಕೊಚ್ಚಿ, ತಿರುವಾಂಕೂರುಗಳ ಕಾಡುಮೇಡುಗಳನ್ನು ಸುತ್ತಿದರು. ಬಿಡಾರಗಳಲ್ಲಿ ಜೊತೆಗಿದ್ದ ಪತ್ನಿ 1939ರಲ್ಲಿ ಅಕಾಲದಲ್ಲಿ ತೀರಿಕೊಂಡರು. ಆ ದುಃಖವನ್ನು ಹೊತ್ತೇ ಅವರು 1939-40ರಲ್ಲಿ ನಮ್ಮ ಮೈಸೂರು ಸಂಸ್ಥಾನದ ಪಕ್ಷಿಗಳ ಸಮೀಕ್ಷೆ ನಡೆಸಿದರು.

ಶ್ರೀರಂಗಪಟ್ಟಣದ ಬಳಿ, ಕಾವೇರಿಯ ನಡುಗಡ್ಡೆಗಳಲ್ಲಿ ಕೊಕ್ಕರೆ, ಬೆಳ್ಳಕ್ಕಿ, ನೀರುಕಾಗೆಗಳು ಗೂಡುಕಟ್ಟುತ್ತಿದ್ದವು. ಅದು ಎಷ್ಟು ಬೆಲೆಯುಳ್ಳ ತಾಣವೆಂಬುದನ್ನು ಅವರು ಅರಸರಿಗೆ ಮನಗಾಣಿಸಿದರು. 1940ರಲ್ಲಿ ರಂಗನತಿಟ್ಟು ಪಕ್ಷಿಧಾಮವಾಯಿತು.

ಇನ್ನೊಂದು ಋಣವೂ ಇದೆ. 1957ರಲ್ಲಿ ಶಿವಮೊಗ್ಗ ಜಿಲ್ಲೆಯ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸತ್ತು ಬಿದ್ದವು. ಜನರಿಗೂ ಜ್ವರ ತಗುಲಿತು. ಸೈಬೀರಿಯದಿಂದ ಬರುವ ಹಕ್ಕಿಗಳು ಉಣ್ಣೆಗಳ ಮೂಲಕ ಈ ರೋಗವನ್ನು ತಂದವೇ ಎಂಬ ಶಂಕೆ ಹುಟ್ಟಿತು. ಶಂಕೆಯ ಮೇಲೆ ಹಕ್ಕಿಗಳನ್ನು ದೂರುವುದಕ್ಕಿಂತ ಪರೀಕ್ಷಿಸುವುದು ಲೇಸು. ವಿಶ್ವ ಆರೋಗ್ಯ ಸಂಸ್ಥೆಯ ನೆರವಿನಿಂದ ಸಲೀಂ ಅಲಿಯವರ ನೇತೃತ್ವದಲ್ಲಿ ಸೊಸೈಟಿ ಹಕ್ಕಿಗಳನ್ನು ಹಿಡಿದು, ಕಾಲಿಗೆ ಅಂಕಿಯುಳ್ಳ ಬಳೆ ತೊಡಿಸಿ ಹಾರಿಬಿಡತೊಡಗಿತು. ಬಳೆಯ ಮೇಲೆ ಮುಂಬಯಿಯ ಹೆಸರು. ಆ ಶಂಕೆ ಸಿದ್ಧವಾಗಲಿಲ್ಲ. ಆದರೆ ವಲಸೆ ಹಕ್ಕಿಗಳು ಎಲ್ಲಿಂದ ಬಂದು ಎಲ್ಲಿಗೆ ಹೋಗುತ್ತವೆಂಬ ಜ್ಞಾನ ಬೆಳೆಯಿತು.

ಅವರ ಮೊದಲ ಪುಸ್ತಕ 1941ರಲ್ಲಿ ಬಂದು ಸಾಮಾನ್ಯರಿಗೂ ಹಕ್ಕಿಗಳ ಗುರುತು ಕಲಿಸಿತು. ರಿಪ್ಲೆಯವರೊಡನೆ ಬರೆದ 10 ಸಂಪುಟಗಳ ಮಹಾಗ್ರಂಥ 1968ರಿಂದ 1974ರವರೆಗೆ ಹೊರಬಂದಿತು. ಭರತಪುರದ ಜೌಗನ್ನೂ ಕೇರಳದ ಸೈಲೆಂಟ್ ವ್ಯಾಲಿ ಕಾಡನ್ನೂ ಉಳಿಸಲು ಅವರು ದನಿಯೆತ್ತಿದರು. 1976ರಲ್ಲಿ ಪದ್ಮವಿಭೂಷಣ ಬಂದಿತು. ಅದೇ ಕಾಲಕ್ಕೆ ಬಂದ ಪಾಲ್ ಗೆಟ್ಟಿ ಬಹುಮಾನದ ಹಣವನ್ನು ಸೊಸೈಟಿಯ ಸಂರಕ್ಷಣಾ ನಿಧಿಗೆ ಕೊಟ್ಟರು. 1985ರಲ್ಲಿ ರಾಜ್ಯಸಭೆಗೆ ನಾಮಕರಣಗೊಂಡರು. 1987ರ ಜೂನ್ 20ರಂದು ಮುಂಬಯಿಯಲ್ಲೇ ಕಣ್ಮುಚ್ಚಿದರು.

ಮರುಕವೊಂದರಿಂದಲೇ ಹಕ್ಕಿ ಉಳಿಯುವುದಿಲ್ಲ. ಅದು ಏನು ತಿನ್ನುತ್ತದೆ, ಎಲ್ಲಿ ಗೂಡು ಕಟ್ಟುತ್ತದೆ, ಎಷ್ಟಿದೆ ಎಂದು ತಾಳ್ಮೆಯಿಂದ ನೋಡಿ ಬರೆದಿಟ್ಟವರ ಮಾತಿಗೆ ಅರಸರೂ ಸರಕಾರಗಳೂ ಕಿವಿಗೊಡುತ್ತವೆ. ಅವರ ಬಾಳಿನ ಸಾರ ಇದೇ.

2022ರಲ್ಲಿ ನಮ್ಮ ರಂಗನತಿಟ್ಟೂ ಇಲ್ಲಿನ ಠಾಣೆ ಖಾರಿಯೂ ರಾಮ್ಸರ್ ತಾಣಗಳ ಜಾಗತಿಕ ಪಟ್ಟಿಗೆ ಸೇರಿದವು. ನಮ್ಮ ಎರಡು ಮನೆಗಳಿಗೂ ಒಂದೇ ವರ್ಷ ಬಂದ ಗೌರವವಿದು. ರಜೆಯಲ್ಲಿ ಊರಿಗೆ ಹೋದಾಗ ಮಕ್ಕಳಿಗೆ ರಂಗನತಿಟ್ಟನ್ನು ತೋರಿಸೋಣ. ಚಳಿಗಾಲದಲ್ಲಿ ಠಾಣೆ ಖಾರಿಗೆ ಕರೆದೊಯ್ದು ರಾಜಹಂಸಗಳನ್ನು ತೋರಿಸೋಣ. ಇದೆಂಥ ಹಕ್ಕಿ ಎಂದು ಮಗು ಕೇಳಿದರೆ ಗದರದೆ, ಮಿಲರ್ಡರಂತೆ ಕೂರಿಸಿಕೊಂಡು ಉತ್ತರ ಹುಡುಕೋಣ.