ಬೆನ್ನು ಮುರಿದವರ ವೈದ್ಯನಾದ ಲೂಡ್ವಿಗ್ ಗುಟ್ಮನ್

ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ಸೀಮೆಯಲ್ಲಿ ವಾಸಿಸುವ ನಮಗೆ ತೆಂಗಿನ ಮರವೇ ಅನ್ನ ಕೊಡುವಂಥದು. ಆದರೆ ಕಾಯಿ ಕೆಡಹಲು ಹತ್ತಿದವನು ಕೈಜಾರಿ ಬಿದ್ದರೆ, ಪ್ರಾಣ ಉಳಿದರೂ ಸೊಂಟದ ಕೆಳಗೆ ಸ್ವಾಧೀನ ತಪ್ಪಿಹೋಗುವದುಂಟು. ಬೆನ್ನೆಲುಬಿನೊಳಗೆ ಹಾದುಹೋಗುವ ನರಗಳ ಹುರಿಯು ಜಜ್ಜಿಹೋಗುವದೇ ಇದಕ್ಕೆ ಕಾರಣ. ಅಂಥವನನ್ನು ಮನೆಯ ಮೂಲೆಯಲ್ಲಿ ಮಲಗಿಸಿ, ಇದು ಅವನ ಹಣೆಬರಹವೆಂದು ಸುಮ್ಮನಾಗುವವರಿದ್ದಾರೆ. ಒಂದು ಕಾಲದಲ್ಲಿ ಹೆಸರಾಂತ ವೈದ್ಯರೂ ಹಾಗೆಯೇ ಸುಮ್ಮನಾಗಿದ್ದರು. ಆ ಭಾವನೆಯನ್ನು ತಪ್ಪೆಂದು ತೋರಿಸಿಕೊಟ್ಟ ಒಬ್ಬ ಪುರುಷನ ಚರಿತ್ರೆಯನ್ನು ನಮ್ಮ ವಾಚಕರಿಗೆ ತಿಳಿಸಬೇಕೆಂದಿದ್ದೇವೆ.

ಲೂಡ್ವಿಗ್ ಗುಟ್ಮನ್ ಎಂಬಾತನು ೧೮೯೯ನೇ ಇಸವಿ ಜುಲೈ ೩ರಂದು ಟೋಸ್ಟ್ ಎಂಬ ಊರಿನ ಯೆಹೂದ್ಯ ಕುಟುಂಬದಲ್ಲಿ ಹುಟ್ಟಿದನು. ಆಗ ಜರ್ಮನಿಗೆ ಸೇರಿದ್ದ ಆ ಊರು ಈಗ ಪೋಲೆಂಡ್ ದೇಶದಲ್ಲಿದೆ. ೧೯೧೭ರಲ್ಲಿ ಆತನು ಅಪಘಾತಕ್ಕೊಳಗಾದವರ ಆಸ್ಪತ್ರೆಯೊಂದರಲ್ಲಿ ಸಹಾಯಕನಾಗಿದ್ದಾಗ, ಕಲ್ಲಿದ್ದಲಿನ ಗಣಿಯಲ್ಲಿ ಬೆನ್ನು ಮುರಿದುಕೊಂಡ ಬಲಿಷ್ಠನಾದ ಒಬ್ಬ ಯೌವನಸ್ಥನನ್ನು ಅಲ್ಲಿಗೆ ತಂದರು. ಇವನ ಸಂಗತಿಯನ್ನು ಬರೆದುಕೊಳ್ಳುವದು ವ್ಯರ್ಥ, ಕೆಲವು ವಾರಗಳಲ್ಲಿ ಸಾಯುವನು ಎಂದು ಅಲ್ಲಿಯವರು ತಿಳಿಸಿದರು. ಅದರಂತೆಯೇ ಸುಮಾರು ಐದು ವಾರಗಳಲ್ಲಿ ಅವನು ಸತ್ತನು. ಅವನನ್ನು ಕೊಂದದ್ದು ಮುರಿದ ಎಲುಬಲ್ಲ. ಹಾಸಿಗೆಹುಣ್ಣು, ಮೂತ್ರದ ಸೋಂಕು ಇವುಗಳಿಂದ ರಕ್ತಕ್ಕೆ ಏರಿದ ವಿಷ. ಗುಟ್ಮನ್ನನು ಆ ಯೌವನಸ್ಥನನ್ನು ಎಂದಿಗೂ ಮರೆಯಲಿಲ್ಲ.

ಆತನು ೧೯೨೪ರಲ್ಲಿ ವೈದ್ಯನಾಗಿ, ಬ್ರೆಸ್ಲಾವ್ ಪಟ್ಟಣದ ಪ್ರಸಿದ್ಧ ನರರೋಗ ಪಂಡಿತನಾದ ಫೋರ್ಸ್ಟರನ ಕೈಕೆಳಗೆ ಪಳಗಿದನು. ೧೯೩೩ರಲ್ಲಿ ಹಿಟ್ಲರನು ಅಧಿಕಾರಕ್ಕೆ ಬಂದು ಯೆಹೂದ್ಯ ವೈದ್ಯರನ್ನು ಕೆಲಸದಿಂದ ತೆಗೆದುಹಾಕಲಾಗಿ, ಅದೇ ಪಟ್ಟಣದ ಯೆಹೂದ್ಯರ ಆಸ್ಪತ್ರೆಗೆ ಸೇರಿದನು. ೧೯೩೮ನೇ ನವೆಂಬರ್ ೯ರ ರಾತ್ರಿ ಯೆಹೂದ್ಯರ ಸಭಾಮಂದಿರಗಳನ್ನು ಸುಡತೊಡಗಿದಾಗ, ಬಾಗಿಲಿಗೆ ಬಂದವರನ್ನೆಲ್ಲಾ ಏನೂ ಕೇಳದೆ ಒಳಗೆ ಸೇರಿಸಿಕೊಳ್ಳಬೇಕೆಂದು ಅಪ್ಪಣೆಕೊಟ್ಟನು. ಬಳಿಕ ಪೊಲೀಸರು ಬಂದು ವಿಚಾರಿಸಲು, ಅವರ ಸಂಗಡ ಹಾಸಿಗೆಯಿಂದ ಹಾಸಿಗೆಗೆ ನಡೆದು, ಒಬ್ಬೊಬ್ಬನಿಗೂ ಒಂದೊಂದು ರೋಗವನ್ನು ಹೇಳಿದನು. ಹೀಗೆ ೬೪ ಮಂದಿಯಲ್ಲಿ ೬೦ ಮಂದಿ ಸೆರೆಶಿಬಿರಕ್ಕೆ ಹೋಗದೆ ಉಳಿದರು. ಮುಂದಿನ ವರುಷ ಆತನು ಹೆಂಡತಿಯನ್ನೂ ಇಬ್ಬರು ಮಕ್ಕಳನ್ನೂ ಕರಕೊಂಡು ಇಂಗ್ಲೆಂಡಿಗೆ ಹೋಗಿ ಆಕ್ಸ್‌ಫರ್ಡಿನಲ್ಲಿ ನೆಲಸಿದನು.

ಮಹಾಯುದ್ಧವು ನಡೆಯುತ್ತಿರಲಾಗಿ, ಬೆನ್ನಿಗೆ ಗಾಯಪಟ್ಟ ಸಿಪಾಯಿಗಳಿಗೋಸ್ಕರ ೧೯೪೪ನೇ ಫೆಬ್ರವರಿ ೧ರಂದು ಸ್ಟೋಕ್ ಮ್ಯಾಂಡವಿಲ್ ಎಂಬಲ್ಲಿ ಒಂದು ವಿಭಾಗವನ್ನು ತೆರೆದು, ಅದನ್ನು ಗುಟ್ಮನ್ನನಿಗೆ ಒಪ್ಪಿಸಿದರು. ಅಲ್ಲಿಗೆ ಬಂದ ಅನೇಕರ ಬೆನ್ನಿನಲ್ಲಿಯೂ ಹಿಮ್ಮಡಿಗಳಲ್ಲಿಯೂ ಎಲುಬು ಕಾಣುವಷ್ಟು ಆಳವಾದ ಹುಣ್ಣುಗಳಿದ್ದವು. ಇದು ರೋಗದ ಸಹಜಫಲವೆಂಬದನ್ನು ಆತನು ಒಪ್ಪಲಿಲ್ಲ. ಕಾರಣವನ್ನು ವಿಚಾರಿಸೋಣ. ನಾವು ಒಂದೇ ಮಗ್ಗುಲಲ್ಲಿ ಮಲಗಿದ್ದರೆ ಎಲುಬಿಗೂ ಹಾಸಿಗೆಗೂ ನಡುವೆ ಸಿಕ್ಕಿದ ಚರ್ಮಕ್ಕೆ ರಕ್ತವು ಹರಿಯದೆ ನೋವಾಗುತ್ತದೆ. ಆದಕಾರಣ ನಿದ್ರೆಯಲ್ಲಿಯೂ ಮಗ್ಗುಲು ಬದಲಾಯಿಸುತ್ತೇವೆ. ನರದ ಹುರಿ ಕೆಟ್ಟವನಿಗೆ ಆ ನೋವು ತಿಳಿಯದು. ತಿಳಿದರೂ ಹೊರಳುವ ಶಕ್ತಿಯಿಲ್ಲ. ಅವನಿಗಾಗಿ ಮತ್ತೊಬ್ಬನು ಹೊರಳಿಸಬೇಕು. ಹಗಲೂ ರಾತ್ರಿಯೂ ಎರಡು ಗಂಟೆಗೊಮ್ಮೆ ಪ್ರತಿಯೊಬ್ಬನನ್ನೂ ಮಗ್ಗುಲು ಮಾಡಿಸಬೇಕೆಂಬದೇ ಗುಟ್ಮನ್ನನ ಕಟ್ಟಳೆ. ಮೂತ್ರದ ನಳಿಗೆಯನ್ನು ಹಾಕುವಾಗ ಕಿಂಚಿತ್ತೂ ಮೈಲಿಗೆ ತಾಕಬಾರದೆಂಬದು ಎರಡನೆಯದು. ಇದು ನಡೆಯುತ್ತದೋ ಎಂದು ನೋಡುವದಕ್ಕೆ ಆತನು ರಾತ್ರಿಯಲ್ಲಿ ತಾನೇ ವಾರ್ಡಿಗೆ ಬರುತ್ತಿದ್ದನು.

ದಾದಿಯರಿಗೂ ಸಹಾಯಕರಿಗೂ ಮೊದಲು ಇದು ಭಾರವಾಗಿ ತೋರಿತು. ಆದರೆ ಹಳೆಯ ಹುಣ್ಣುಗಳು ಮಾಯುತ್ತಾ, ಸಾಯುವರೆಂದು ಬಂದವರು ಎದ್ದು ಕೂತುಕೊಳ್ಳುವದನ್ನು ಕಂಡಾಗ ಅವರ ಮನಸ್ಸು ತಿರುಗಿತು. ರೋಗಿಗಳು ಗದರಿಕೆಗೆ ಹೆದರಿದರೂ ಆತನನ್ನು ಅಪ್ಪನೆಂದೇ ಕರೆಯುತ್ತಿದ್ದರು. ಆತನು ಅವರನ್ನು ಬದುಕಿಸುವದರಲ್ಲಿಯೇ ತೃಪ್ತನಾಗದೆ, ಕೈಕಸಬುಗಳನ್ನೂ ಆಟಗಳನ್ನೂ ಕಲಿಸಿದನು. ೧೯೪೮ನೇ ಜುಲೈ ೨೯ರಂದು, ಲಂಡನ್ನಿನಲ್ಲಿ ಒಲಿಂಪಿಕ್ ಕ್ರೀಡೆಗಳು ಆರಂಭವಾದ ದಿನವೇ, ಗಾಲಿಕುರ್ಚಿಯ ಮೇಲೆ ಕೂತ ೧೬ ಮಂದಿಯಿಂದ ಬಿಲ್ಲುವಿದ್ಯೆಯ ಪಂದ್ಯವನ್ನು ಮಾಡಿಸಿದನು. ೧೯೬೦ರಲ್ಲಿ ರೋಮಿನಲ್ಲಿ ೨೩ ದೇಶಗಳವರು ಕೂಡಿದರು. ಪ್ಯಾರಾಲಿಂಪಿಕ್ ಎಂಬ ಕ್ರೀಡೆಗಳ ಮೂಲವಿದೇ. ೧೯೭೨ರಲ್ಲಿ ಯುದ್ಧದಲ್ಲಿ ಗಾಯಗೊಂಡಿದ್ದ ಮುರಳೀಕಾಂತ ಪೇಟ್ಕರನು ಈಜಿನಲ್ಲಿ ಭಾರತಕ್ಕೆ ಚಿನ್ನದ ಪದಕ ತಂದನು. ೨೦೧೨ರಲ್ಲಿ ನಮ್ಮ ನೆರೆಯ ಹಾಸನ ಜಿಲ್ಲೆಯ ಎಚ್. ಎನ್. ಗಿರೀಶನು ಎತ್ತರ ಜಿಗಿತದಲ್ಲಿ ಬೆಳ್ಳಿಯ ಪದಕ ಪಡೆದನು. ೧೯೬೬ರಲ್ಲಿ ಇಂಗ್ಲೆಂಡಿನ ರಾಣಿಯು ಗುಟ್ಮನ್ನನಿಗೆ ಸರ್ ಪದವಿಯನ್ನು ಕೊಟ್ಟಳು. ಅದೇ ವರುಷ ವೆಲ್ಲೂರಿನಲ್ಲಿ, ೧೯೫೪ರ ಅಪಘಾತದಲ್ಲಿ ತನ್ನ ಕಾಲುಗಳ ಸ್ವಾಧೀನವನ್ನು ಕಳಕೊಂಡಿದ್ದ ವೈದ್ಯೆ ಮೇರಿ ವರ್ಗೀಸಳ ಶ್ರಮದಿಂದ ಇಂಥ ರೋಗಿಗಳಿಗೋಸ್ಕರ ಒಂದು ನಿಲಯವು ತೆರೆಯಲ್ಪಟ್ಟಿತು. ಗುಟ್ಮನ್ನನು ೧೯೮೦ನೇ ಮಾರ್ಚ್ ೧೮ರಂದು ತೀರಿಕೊಂಡನು.

ಪ್ರಿಯ ವಾಚಕರೇ, ಈ ಚರಿತ್ರೆಯಿಂದ ನಾವು ಕಲಿಯತಕ್ಕದ್ದೇನು? ಮರದಿಂದ ಬಿದ್ದವನನ್ನು ಕೂಡಲೆ ಎಬ್ಬಿಸಿ ಕೂಡಿಸಬಾರದು. ತೋಳು ಕಾಲು ಹಿಡಿದು ತೂಗಾಡಿಸಿ ಒಯ್ಯಬಾರದು. ಎಲುಬು ಮಾತ್ರ ಮುರಿದು ಹುರಿ ಉಳಿದಿದ್ದರೆ, ಈ ಆತುರದಿಂದಲೇ ಅದು ಕೆಟ್ಟುಹೋಗಬಹುದು. ೧೦೮ಕ್ಕೆ ತಿಳಿಸಿ, ಅವನನ್ನು ಅಲುಗಿಸದೆ ಕಾಯಬೇಕು. ಕದಲಿಸಲೇಬೇಕಾದರೆ ನಾಲ್ಕೈದು ಮಂದಿ ಸೇರಿ, ಒಬ್ಬನು ತಲೆಯನ್ನೂ ಕುತ್ತಿಗೆಯನ್ನೂ ನೆಟ್ಟಗೆ ಹಿಡಿದು, ಮರದ ದಿಮ್ಮಿಯನ್ನು ಉರುಳಿಸುವಂತೆ ಇಡೀ ದೇಹವನ್ನು ಒಟ್ಟಿಗೆ ಹೊರಳಿಸಿ ಹಲಗೆಯ ಮೇಲೆ ಮಲಗಿಸಬೇಕು.

ಆಸ್ಪತ್ರೆಯಿಂದ ಮನೆಗೆ ಬಂದ ಮೇಲೆ ದಾದಿಯ ಜವಾಬ್ದಾರಿಯು ಮನೆಯವರ ಮೇಲೆ ಬರುತ್ತದೆ. ಮಗ್ಗುಲು ಮಾಡಿಸುವಾಗ ಎಳೆಯಬಾರದು, ಎತ್ತಬೇಕು. ಎಳೆದರೆ ಚರ್ಮವು ತರಚುವದು. ಹಾಸಿಗೆಯಲ್ಲಿ ಸುಕ್ಕು, ಅಗುಳು, ನಾರು ಇರಬಾರದು. ಬಿಸಿನೀರಿನ ಶಾಖವನ್ನು ಕೊಡಬಾರದು, ಸುಟ್ಟರೂ ಅವನಿಗೆ ತಿಳಿಯದು. ಬೆಳಿಗ್ಗೆ ಸಂಜೆ ಹಿಮ್ಮಡಿ, ಪಕ್ಕೆ, ಸೊಂಟದ ಹಿಂಭಾಗಗಳನ್ನು ನೋಡಬೇಕು. ನಮ್ಮ ಕಪ್ಪು ಮೈಬಣ್ಣದಲ್ಲಿ ಕೆಂಪು ಸುಲಭವಾಗಿ ತೋರದು; ಆ ಸ್ಥಳವು ಸುತ್ತಲಿಗಿಂತ ಕಪ್ಪಾಗಿ, ಬೆಚ್ಚಗೆ, ಗಡುಸಾಗಿದ್ದರೆ ಅದರ ಮೇಲೆ ಭಾರ ಬೀಳದಂತೆ ಮಾಡಿ ವೈದ್ಯರಿಗೆ ತೋರಿಸಬೇಕು.

ರಾತ್ರಿಯ ಸರದಿಯೇ ಕಷ್ಟಕರವಾದದ್ದು. ತಾಯಿಯೊಬ್ಬಳೇ ಎಲ್ಲಾ ರಾತ್ರಿಯೂ ಎದ್ದರೆ ಹತ್ತು ದಿನಗಳಲ್ಲಿ ಅವಳೂ ಬೀಳುವಳು. ಹತ್ತು ಗಂಟೆಗೆ ಯಾರು, ಹನ್ನೆರಡಕ್ಕೆ ಯಾರು, ಎರಡಕ್ಕೆ ಯಾರು ಎಂದು ಗೋಡೆಯ ಮೇಲೆ ಸೀಮೆಸುಣ್ಣದಿಂದ ಬರೆದು, ಮಾಡಿದವರು ಗುರುತು ಹಾಕಲಿ. ಮನೆಯಲ್ಲಿ ಜನ ಸಾಲದಿದ್ದರೆ ಒಂದು ಸರದಿಯನ್ನು ನೆರೆಯವರಾದ ನಾವು ಕೇಳಿ ಪಡಕೊಳ್ಳೋಣ.