ಹಾಡುವುದೋ, ಕಲಿಸುವುದೋ?

ನಾನು ಸಂಗೀತ ವಿಶಾರದ ಮುಗಿಸಿ ಹನ್ನೆರಡು ವರ್ಷವಾಯಿತು. ಮದುವೆಯಾಗಿ ಧಾರವಾಡದಿಂದ ಮುಂಬೈಗೆ ಬಂದ ಮೇಲೆ ಸಂಘದ ರಾಜ್ಯೋತ್ಸವಕ್ಕೆ, ದಸರಾಕ್ಕೆ ಹಾಡುವುದಷ್ಟೇ ಉಳಿದಿತ್ತು. ಕಳೆದ ವರ್ಷ ನಮ್ಮ ಬಿಲ್ಡಿಂಗಿನ ಇಬ್ಬರು ತಾಯಂದಿರು ತಮ್ಮ ಮಕ್ಕಳಿಗೆ ಪಾಠ ಹೇಳಿಕೊಡಲು ಕೇಳಿದಾಗ ಮನಸ್ಸು ಹಿಂಜರಿಯಿತು. ಕಛೇರಿ ಸಿಗದವರು ಮಾತ್ರ ಪಾಠಕ್ಕೆ ಕೂರುತ್ತಾರೆ ಎಂಬ ಭಾವನೆ ನನ್ನಲ್ಲೂ ಇತ್ತು. ಆ ಅಳುಕು ಕಳೆದದ್ದು ಪಂಡಿತ ವಿಷ್ಣು ದಿಗಂಬರ ಪಲುಸ್ಕರರ ಜೀವನಕಥೆ ಓದಿದಾಗ.

ಪಲುಸ್ಕರರು ಹುಟ್ಟಿದ್ದು 1872ರಲ್ಲಿ, ನಮ್ಮ ಬೆಳಗಾವಿ ಸೀಮೆಗೆ ಹತ್ತಿರದ ಕುರುಂದವಾಡದಲ್ಲಿ. ತಂದೆ ಕೀರ್ತನಕಾರರು. ಬಾಲ್ಯದಲ್ಲಿ ಪಟಾಕಿ ಸಿಡಿದು ಕಣ್ಣಿಗೆ ಪೆಟ್ಟಾಯಿತು, ಓದು ನಿಂತಿತು. ಮಿರಜದಲ್ಲಿ ಬಾಳಕೃಷ್ಣಬುವಾ ಇಚಲಕರಂಜೀಕರರ ಬಳಿ ಗ್ವಾಲಿಯರ್ ಗಾಯಕಿ ಕಲಿತರು. ಅಲ್ಲಿ ಒಂದು ಸಮಾರಂಭಕ್ಕೆ ತಮಗೆ ಕರೆ ಬಂದು, ಗಾಯಕರೆಂಬ ಕಾರಣಕ್ಕೆ ಗುರುಗಳಿಗೆ ಬಾರದೇ ಹೋದದ್ದು ಅವರ ಮನಸ್ಸನ್ನು ಚುಚ್ಚಿತು ಎನ್ನುತ್ತಾರೆ. ಸಂಗೀತಗಾರರಿಗೆ ಸಮಾಜದಲ್ಲಿ ಗೌರವ ತರಬೇಕೆಂದು 1896ರಲ್ಲಿ ಮಿರಜ ಬಿಟ್ಟು ಹೊರಟರು.

ಒಳ್ಳೆಯ ಗಾಯಕರಾಗಿದ್ದ ಅವರಿಗೆ ಯಾವುದಾದರೂ ಆಸ್ಥಾನದಲ್ಲಿ ನೆಮ್ಮದಿಯಾಗಿ ಇರಬಹುದಿತ್ತು. ಅವರು ಆರಿಸಿಕೊಂಡದ್ದು ಪಾಠಶಾಲೆಯನ್ನು. 1901ರ ಮೇ 5ರಂದು ಲಾಹೋರಿನಲ್ಲಿ ಗಾಂಧರ್ವ ಮಹಾವಿದ್ಯಾಲಯ ತೆರೆದರು. ರಾಜಾಶ್ರಯವಿಲ್ಲದೆ, ಜನರ ದೇಣಿಗೆ ಮತ್ತು ತಮ್ಮ ಕಛೇರಿಗಳ ಸಂಪಾದನೆಯಿಂದ ಅದನ್ನು ನಡೆಸಿದರು. ಪಾಠಕ್ಕೆ ಕ್ರಮ ಹಾಕಿದರು, ಸ್ವರಲಿಪಿ ರೂಪಿಸಿದರು, ಪುಸ್ತಕ ಅಚ್ಚು ಹಾಕಿಸಿದರು. ಕಲಿಸುವುದನ್ನೇ ವೃತ್ತಿಯಾಗಿಸಿಕೊಳ್ಳುವ ಶಿಷ್ಯರನ್ನೂ ತಯಾರು ಮಾಡಿದರು. 1908ರಲ್ಲಿ ಮುಂಬೈಗೂ ಶಾಲೆ ಬಂತು.

ದಾರಿ ಸುಲಭವಿರಲಿಲ್ಲ. ಮುಂಬೈಯ ಕಟ್ಟಡಕ್ಕಾಗಿ ಮಾಡಿದ ಸಾಲ ತೀರಲಿಲ್ಲ, ಕೊನೆಗೆ ಕಟ್ಟಡವೇ ಕೈತಪ್ಪಿತು. 1931ರಲ್ಲಿ ಅವರು ತೀರಿಕೊಂಡಾಗ ಮಗ ದತ್ತಾತ್ರೇಯನಿಗೆ ಹತ್ತು ವರ್ಷ. ಆ ಹುಡುಗನಿಗೆ ಮುಂದೆ ಪಾಠ ಹೇಳಿದವರು ತಂದೆಯ ಶಿಷ್ಯರಾದ ವಿನಾಯಕರಾವ್ ಪಟವರ್ಧನ್ ಮತ್ತು ನಾರಾಯಣರಾವ್ ವ್ಯಾಸ್. ಅವನೇ ಡಿ. ವಿ. ಪಲುಸ್ಕರ್ ಎಂದು ಹೆಸರಾದ ಗಾಯಕ. ಇನ್ನೊಬ್ಬ ಶಿಷ್ಯ ಬಿ. ಆರ್. ದೇವಧರರು ಇದೇ ಮುಂಬೈಯಲ್ಲಿ ಬೆಳಗಾವಿಯ ಸೂಳೇಭಾವಿಯ ಹುಡುಗನೊಬ್ಬನನ್ನು ಬೆಳೆಸಿದರು. ಅವರೇ ನಮ್ಮ ಕುಮಾರ ಗಂಧರ್ವರು.

ಗುರುಗಳ ನಂತರ ಶಿಷ್ಯರು ಕಟ್ಟಿದ ಗಾಂಧರ್ವ ಮಹಾವಿದ್ಯಾಲಯ ಮಂಡಳದ ಪರೀಕ್ಷೆಯೇ ನಾನು ಪಾಸಾದ ವಿಶಾರದ. ಕಟ್ಟಡ ಹೋದರೂ ಪಾಠ ಉಳಿದು, ನನ್ನ ಮನೆಯ ಗೋಡೆಯವರೆಗೆ ಬಂದಿದೆ ಎಂದು ಅಂದು ಹೊಳೆಯಿತು.

ಈಗ ಶನಿವಾರ, ಭಾನುವಾರ ನನ್ನ ಹಾಲಿನಲ್ಲಿ ಆರು ಮಕ್ಕಳು ಸರಿಗಮ ಹೇಳುತ್ತಾರೆ. ಅವರ ಸಾಲದ ಕಥೆಯಿಂದಲೂ ಒಂದು ಪಾಠ ಕಲಿತೆ: ಫೀಸನ್ನು ಸಂಕೋಚವಿಲ್ಲದೆ ಮೊದಲೇ ಹೇಳುತ್ತೇನೆ, ಲೆಕ್ಕ ಬರೆದಿಡುತ್ತೇನೆ. ಬೆಳಗಿನ ನನ್ನ ರಿಯಾಜ್ ಮಾತ್ರ ಬಿಟ್ಟಿಲ್ಲ. ಸಂಗೀತ ಕಲಿತು ಸುಮ್ಮನೆ ಕೂತ ಅಕ್ಕತಂಗಿಯರು ನಮ್ಮ ಸಂಘದಲ್ಲಿ ಇನ್ನೂ ಇದ್ದಾರೆ. ಒಂದು ಮಗುವಿನಿಂದಲೇ ಶುರು ಮಾಡಿ ನೋಡಿ.