ದೂರದ ಪರದೆಗೆ ಅಪ್ಪಣೆ ಕೊಡೋರು ಯಾರು? ಟ್ಯೂರಿಂಗ್ ಬದುಕಿನ ಒಂದು ಓದು

ಬೇರೆ ಊರಲ್ಲಿರುವ ಲಿನಕ್ಸ್ ಕಂಪ್ಯೂಟರಿಗೆ ಇಲ್ಲಿಂದಲೇ ಲಾಗಿನ್ ಆಗಿ, ಅಲ್ಲಿನ ಪರದೆಯ ಮೇಲೆಯೇ ಒಂದು ವಿಂಡೋ ತೆರೆಯಲು ಪ್ರಯತ್ನಿಸಿ ನೋಡಿ. ಸಾಮಾನ್ಯವಾಗಿ ಅದು ಒಪ್ಪಲ್ಲ. ಡಿಸ್‌ಪ್ಲೇ ತೆರೆಯೋಕೆ ಆಗ್ತಿಲ್ಲ ಅಂತ ಒಂದು ಸಾಲು ಬರೆದು ಸುಮ್ಮನಾಗುತ್ತದೆ. ಪಾಸ್‌ವರ್ಡ್ ಸರಿಯಿದ್ದರೂ ಅಷ್ಟೇ. ಯಾವ ಪರದೆ ಅಂತ ಹೇಳಬೇಕು, ಅದು ಹೆಚ್ಚಾಗಿ ಸೊನ್ನೆ ನಂಬರಿನದು. ಜೊತೆಗೆ ಆ ಪರದೆಯ ಮುಂದೆ ಕೂತವರ ಖಾತೆಯಲ್ಲಿರುವ ಒಂದು ಗುಪ್ತ ಕೀಲಿಯನ್ನೂ ತೋರಿಸಬೇಕು. 1984ರಲ್ಲಿ ಅಮೆರಿಕದ ಎಂಐಟಿಯಲ್ಲಿ ಹುಟ್ಟಿದ ಎಕ್ಸ್ ವಿಂಡೋ ವ್ಯವಸ್ಥೆ ಬೆಳೆಸಿಕೊಂಡು ಬಂದ ಕಟ್ಟಲೆ ಇದು. ಯಂತ್ರದ ಒಳಗೆ ಬರೋಕೆ ಒಂದು ಅನುಮತಿ, ಅದರ ಪರದೆ ಮುಟ್ಟೋಕೆ ಇನ್ನೊಂದು.

ಈ ಕೆಲಸ ಮಾಡುವಾಗಲೆಲ್ಲ ನನಗೆ ಅಲನ್ ಟ್ಯೂರಿಂಗ್ ನೆನಪಾಗುತ್ತಾರೆ. 1947ರ ಫೆಬ್ರವರಿ 20ರಂದು ಲಂಡನ್ ಮ್ಯಾಥಮ್ಯಾಟಿಕಲ್ ಸೊಸೈಟಿಯಲ್ಲಿ ಅವರು ಉಪನ್ಯಾಸ ಕೊಟ್ಟರು. ಅವರು ವಿನ್ಯಾಸ ಮಾಡಿದ್ದ ಏಸ್ ಎಂಬ ಕಂಪ್ಯೂಟರ್ ಆಗಿನ್ನೂ ಕಾಗದದ ಮೇಲಿತ್ತು. ಆದರೂ, ದೂರದಲ್ಲಿರುವ ಯಂತ್ರವನ್ನು ಟೆಲಿಫೋನ್ ತಂತಿಯ ಮೂಲಕ ನಡೆಸಬಹುದು, ಆಚೆ ತುದಿಯಲ್ಲಿ ಬೇಕಾಗುವ ಉಪಕರಣಕ್ಕೆ ಹೆಚ್ಚೆಂದರೆ ಕೆಲವು ನೂರು ಪೌಂಡ್ ಆದೀತು ಅಂತ ಅವರು ಲೆಕ್ಕ ಹಾಕಿ ಹೇಳಿದರು. ಈ ಕಲ್ಪನೆ ಅವರೊಬ್ಬರದೇ ಅಲ್ಲ. 1940ರಲ್ಲೇ ಜಾರ್ಜ್ ಸ್ಟಿಬಿಟ್ಜ್ ಡಾರ್ಟ್‌ಮತ್ ಕಾಲೇಜಿನಲ್ಲಿ ಕೂತು ನ್ಯೂಯಾರ್ಕಿನ ಲೆಕ್ಕಯಂತ್ರಕ್ಕೆ ಟೆಲಿಟೈಪ್ ಮೂಲಕ ಲೆಕ್ಕ ಕಳಿಸಿ ತೋರಿಸಿದ್ದರು. ಟ್ಯೂರಿಂಗ್ ನನಗೆ ಮುಖ್ಯ ಅನ್ನಿಸೋದು ಅದೇ ಉಪನ್ಯಾಸದ ಇನ್ನೊಂದು ಮಾತಿನಿಂದ. ಯಂತ್ರವನ್ನು ನಡೆಸುವ ಪರಿಣತರ ಕೆಲಸವನ್ನೂ ಮುಂದೆ ಯಂತ್ರವೇ ಮಾಡಬಹುದು; ಆಗ ಆ ಪರಿಣತರು ತಮ್ಮ ಕೆಲಸದ ಸುತ್ತ ಅರ್ಥವಾಗದ ಪದಗಳ ಬೇಲಿ ಹಾಕಿಕೊಂಡು ಬೇರೆಯವರನ್ನು ಹೊರಗಿಡಲು ನೋಡಬಹುದು ಅಂತ ಎಚ್ಚರಿಸಿದ್ದರು. ತಂತ್ರಜ್ಞಾನದ ರಾಜಕೀಯದ ಬಗ್ಗೆ ಇವತ್ತು ನಾವು ಆಡುವ ಜಗಳದ ಅರ್ಧ ಅಲ್ಲೇ ಇದೆ.

ಟ್ಯೂರಿಂಗ್ ಹುಟ್ಟಿದ್ದು 1912ರ ಜೂನ್ 23ರಂದು, ಲಂಡನ್ನಿನಲ್ಲಿ. ಆದರೆ ಮನೆತನದ ಅನ್ನ ಬಂದದ್ದು ನಮ್ಮ ಕಡೆಯಿಂದ. ತಾಯಿಯ ತಂದೆ ಮದ್ರಾಸ್ ರೈಲ್ವೆಯ ಎಂಜಿನಿಯರ್. ತಂದೆ ಜೂಲಿಯಸ್ ಮದ್ರಾಸ್ ಪ್ರೆಸಿಡೆನ್ಸಿಯ ಐಸಿಎಸ್ ಅಧಿಕಾರಿ; ಅವರು ಕೆಲಸ ಮಾಡಿದ ಜಿಲ್ಲೆಗಳಲ್ಲಿ ಬಳ್ಳಾರಿಯೂ ಒಂದು. ಅಂಥ ಅಧಿಕಾರಿಗಳು ಜಾರಿ ಮಾಡುತ್ತಿದ್ದ 1860ರ ದಂಡ ಸಂಹಿತೆಯಲ್ಲೇ 377ನೇ ಸೆಕ್ಷನ್ ಇತ್ತು. ಮಗನ ಮೇಲೆ ಬಿದ್ದದ್ದು ಅದಲ್ಲ, ಇಂಗ್ಲೆಂಡಿನ 1885ರ ಕಾನೂನು. ಎರಡೂ ಒಂದೇ ಮನೋಭಾವದ ಕೂಸುಗಳು.

ಯುದ್ಧಕಾಲದಲ್ಲಿ ಬ್ಲೆಚ್ಲಿ ಪಾರ್ಕಿನಲ್ಲಿ ಜರ್ಮನಿಯ ಎನಿಗ್ಮಾ ಸಂಕೇತ ಒಡೆದ ಕಥೆ ಸಿನಿಮಾ ಆಗಿದೆ, ಅದನ್ನಿಲ್ಲಿ ಬಿಡುತ್ತೇನೆ. ಏಸ್ ಕೆಲಸ ಸರ್ಕಾರಿ ಪ್ರಯೋಗಾಲಯದಲ್ಲಿ ತೆವಳುತ್ತಿತ್ತು. ಬೇಸತ್ತ ಟ್ಯೂರಿಂಗ್ 1948ರಲ್ಲಿ ಮ್ಯಾಂಚೆಸ್ಟರ್ ವಿಶ್ವವಿದ್ಯಾಲಯಕ್ಕೆ ಹೋದರು. ಏಸ್‌ನ ಚಿಕ್ಕ ಮಾದರಿ ಮೊದಲ ಪ್ರೋಗ್ರಾಂ ನಡೆಸಿದ್ದು 1950ರ ಮೇನಲ್ಲಿ, ಅವರಿಲ್ಲದೆ.

ಮ್ಯಾಂಚೆಸ್ಟರಿನ ಯಂತ್ರದ ವಿಶೇಷ ಏನಂದ್ರೆ, ಅದರ ನೆನಪೇ ಪರದೆ. ವಿಲಿಯಮ್ಸ್ ಮತ್ತು ಕಿಲ್ಬರ್ನ್ ಎಂಬ ಎಂಜಿನಿಯರುಗಳು ಕ್ಯಾಥೋಡ್ ರೇ ಟ್ಯೂಬಿನ ಮೇಲೆ ಚುಕ್ಕೆಗಳಾಗಿ ಅಂಕಿಗಳನ್ನು ಹಿಡಿದಿಟ್ಟಿದ್ದರು. ಆ ಚುಕ್ಕೆಗಳ ಪ್ರತಿ ಇನ್ನೊಂದು ಟ್ಯೂಬಿನಲ್ಲಿ ಕಣ್ಣಿಗೆ ಕಾಣುತ್ತಿತ್ತು. ಟ್ಯೂರಿಂಗ್ ಇದಕ್ಕೆ ಪ್ರೋಗ್ರಾಮರುಗಳ ಕೈಪಿಡಿ ಬರೆದರು. ಬೇಲಿಯ ಬಗ್ಗೆ ಎಚ್ಚರಿಸಿದ ಮನುಷ್ಯ ಬರೆದ ಕೈಪಿಡಿ ಎಂಥದು ಗೊತ್ತಾ? ಓದುವವರು 32ರ ಆಧಾರದ ಅಂಕಿಗಳನ್ನು, ಅದೂ ಹಿಂದುಮುಂದಾಗಿ, ಓದಿ ಲೆಕ್ಕ ಮಾಡಬೇಕಿತ್ತು! ತಮಗೆ ಸಲೀಸಾದದ್ದು ಎಲ್ಲರಿಗೂ ಸಲೀಸು ಅಂದುಕೊಳ್ಳುವ ಈ ದೋಷ ನಮ್ಮ ಸಾಫ್ಟ್‌ವೇರ್ ಮಂದಿಗೆ ಇವತ್ತೂ ಇದೆ.

ಆದರೆ ಬಾಗಿಲು ಮಾತ್ರ ತೆರೆದಿಟ್ಟಿದ್ದರು. ಕ್ರಿಸ್ಟೋಫರ್ ಸ್ಟ್ರೇಚಿ ಆಗ ಶಾಲಾ ಮೇಷ್ಟ್ರು, ಸಂಶೋಧಕರಲ್ಲ. ಆ ಕೈಪಿಡಿಯನ್ನೇ ಓದಿ ಉದ್ದನೆಯ ಪ್ರೋಗ್ರಾಂ ಬರೆದು ತಂದರು. ಟ್ಯೂರಿಂಗ್ ಯಂತ್ರವನ್ನು ಹೇಗೆ ನಡೆಸಬೇಕು ಅಂತ ತೋರಿಸಿ, ರಾತ್ರಿಯಿಡೀ ಅವರಿಗೇ ಬಿಟ್ಟುಕೊಟ್ಟು ಹೊರಟುಬಿಟ್ಟರು. ಆ ಪ್ರೋಗ್ರಾಂ ಕೊನೆಗೆ ಯಂತ್ರದ ಹಾರ್ನಿನಲ್ಲಿ ಬ್ರಿಟನ್ನಿನ ರಾಷ್ಟ್ರಗೀತೆ ನುಡಿಸಿತು. 1952ರ ಹೊತ್ತಿಗೆ ಸ್ಟ್ರೇಚಿಯ ಡ್ರಾಫ್ಟ್ಸ್ ಆಟದ ಮಣೆ ಅದೇ ಚುಕ್ಕೆಗಳಲ್ಲಿ ಪರದೆಯ ಮೇಲೆ ಮೂಡಿತ್ತು. ಪ್ರೋಗ್ರಾಂ ಒಂದು ಯಂತ್ರದ ಸ್ವಂತ ಪರದೆಯ ಮೇಲೆ ಚಿತ್ರ ತೋರಿಸಿದ ತೀರಾ ಮೊದಲ ಉದಾಹರಣೆಗಳಲ್ಲಿ ಇದೂ ಸೇರುತ್ತದೆ. ಮುಂದೆ 1959ರಲ್ಲಿ, ಒಂದೇ ಕಂಪ್ಯೂಟರಿನ ಸಮಯವನ್ನು ಹಂಚಿಕೊಳ್ಳುವ ಬಗ್ಗೆ ಪ್ಯಾರಿಸ್ಸಿನಲ್ಲಿ ಪ್ರಬಂಧ ಮಂಡಿಸಿದ್ದೂ ಇದೇ ಸ್ಟ್ರೇಚಿ. ಒಂದು ರಾತ್ರಿಯ ಅನುಮತಿ ಅಷ್ಟು ದೂರ ಹೋಯಿತು ಅಂತ ನಾನು ನಂಬುತ್ತೇನೆ.

ಅದೇ 1952ರಲ್ಲಿ ಟ್ಯೂರಿಂಗ್ ಅವರ ಅನುಮತಿಗಳು ರದ್ದಾಗತೊಡಗಿದವು. ಮನೆಯಲ್ಲಿ ಕಳ್ಳತನವಾಯಿತು, ಪೊಲೀಸರಿಗೆ ದೂರು ಕೊಟ್ಟರು. ವಿಚಾರಣೆಯಲ್ಲಿ, ಒಬ್ಬ ಯುವಕನ ಜೊತೆ ತಮಗೆ ಸಂಬಂಧ ಇದ್ದದ್ದನ್ನು ಮುಚ್ಚಿಡಲಿಲ್ಲ. ದೂರು ಕೊಟ್ಟವರೇ ಆರೋಪಿಯಾದರು. ಜೈಲಿನ ಬದಲು ಒಂದು ವರ್ಷ ಹೆಣ್ಣು ಹಾರ್ಮೋನಿನ ಚಿಕಿತ್ಸೆಗೆ ಒಪ್ಪಬೇಕಾಯಿತು. ಸರ್ಕಾರದ ಗುಪ್ತಲಿಪಿ ಕೆಲಸಕ್ಕೆ ಬೇಕಾದ ಭದ್ರತಾ ಅನುಮತಿಯೂ ಹೋಯಿತು. ದೇಶದ ಅತಿ ದೊಡ್ಡ ಗುಟ್ಟನ್ನು ಕಾಪಾಡಿದವರನ್ನು ಈಗ ಅದೇ ಸರ್ಕಾರ ನಂಬದಾಯಿತು. ವಿಶ್ವವಿದ್ಯಾಲಯ ಮಾತ್ರ ಕೆಲಸದಿಂದ ತೆಗೆಯಲಿಲ್ಲ. ಜೀವಿಗಳ ಮೈಮೇಲಿನ ಪಟ್ಟೆ, ಚುಕ್ಕೆ ಹೇಗೆ ಮೂಡುತ್ತವೆ ಅನ್ನೋ ಲೆಕ್ಕವನ್ನು ಅವರು ಅದೇ ಯಂತ್ರದ ಮೇಲೆ ಮುಂದುವರಿಸಿದರು. 1954ರ ಜೂನ್ 7ರಂದು ಸಯನೈಡ್‌ನಿಂದ ತೀರಿಕೊಂಡರು. ಆತ್ಮಹತ್ಯೆ ಎಂದಿತು ವಿಚಾರಣೆ. ವಯಸ್ಸು 41.

2009ರಲ್ಲಿ ಬ್ರಿಟನ್ನಿನ ಪ್ರಧಾನಿ ಕ್ಷಮೆ ಕೇಳಿದರು. 2013ರಲ್ಲಿ ರಾಣಿಯಿಂದ ಕ್ಷಮಾದಾನ ಬಂತು. ಕ್ಷಮಾದಾನ ಅನ್ನೋ ಪದವೇ ನನಗೆ ಹಿಡಿಸಲ್ಲ, ತಪ್ಪು ಮಾಡಿದ್ದು ಯಾರು? ಜೂಲಿಯಸ್ ಕೆಲಸ ಮಾಡಿದ್ದ ಬಳ್ಳಾರಿಯಲ್ಲಿ ಆ ಸೆಕ್ಷನ್ನಿನ ಹಲ್ಲು ಕೀಳೋಕೆ 2018ರ ಸುಪ್ರೀಂ ಕೋರ್ಟ್ ತೀರ್ಪೇ ಬೇಕಾಯಿತು. ಬ್ರಿಟನ್ನಿನಲ್ಲಿ ಟ್ಯೂರಿಂಗ್ ಥರವೇ ಶಿಕ್ಷೆ ಉಂಡ ಸಾವಿರಾರು ಸಾಮಾನ್ಯ ಗಂಡಸರು 2017ರವರೆಗೆ ಕಾದರು. ಸತ್ತವರಿಗೆ ಕಾನೂನಿನಿಂದಲೇ ಕ್ಷಮಾದಾನ ಸಿಕ್ಕಿತು. ಬದುಕಿದ್ದವರು ಗೃಹ ಇಲಾಖೆಗೆ ಅರ್ಜಿ ಹಾಕಿ ಒಪ್ಪಿಗೆ ಪಡೆಯಬೇಕಿತ್ತು.